ಪೇಡಾ ಡಬ್ಬದಲ್ಲಿ ಆಂಕಾಲಜಿ: ಐದು ವಾರದ ಲೆಕ್ಕ

ವಾರ 1

ಎಂಬಿಬಿಎಸ್ ಫೈನಲ್ ಇಯರ್‌ನಲ್ಲಿ ಆಂಕಾಲಜಿ (ಕ್ಯಾನ್ಸರ್ ವೈದ್ಯಶಾಸ್ತ್ರ) ಅಂತ ಬೇರೆ ಪೇಪರ್ ಇಲ್ಲ. ಮೆಡಿಸಿನ್, ಸರ್ಜರಿ, ಒಬಿಜಿ (ಹೆರಿಗೆ, ಸ್ತ್ರೀರೋಗ) ಎಲ್ಲದರಲ್ಲೂ ಚೂರುಚೂರಾಗಿ ಕೂತಿರುತ್ತದೆ. ಅದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕೋಣ ಅಂತ ಕಾರ್ಡ್ ಬರೆಯಲು ಶುರು ಮಾಡಿದೆ. ರೂಮ್‌ಮೇಟ್ ಧಾರವಾಡದವಳು. ಅವಳ ಪೇಡಾ ಡಬ್ಬ ಖಾಲಿಯಾಗಿತ್ತು, ಅಳತೆ ಸರಿಹೋಯಿತು. ಪ್ರಶ್ನೆ ಮುಂದೆ, ಉತ್ತರ ಹಿಂದೆ, ವಿವರಣೆ ಕನ್ನಡದಲ್ಲಿ. 40 ಕಾರ್ಡ್ ಆಯಿತು. ಬಹುಪಾಲು ಟ್ಯೂಮರ್ ಮಾರ್ಕರ್ (ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರುವ ವಸ್ತು): ಲಿವರ್‌ಗೆ ಎಎಫ್‌ಪಿ, ಓವರಿಗೆ ಸಿಎ-125, ಮೆಡುಲರಿ ಥೈರಾಯ್ಡ್‌ಗೆ ಕ್ಯಾಲ್ಸಿಟೋನಿನ್.

ವಾರ 2

ಊಟದ ನಂತರ ಪಿಜಿ ಓದುವ ಅಕ್ಕ ಒಬ್ಬರು ಸುಮ್ನೆ ವೈವಾ ಥರ ಕೇಳಿದರು. "ಸಿಎ-125 ಜಾಸ್ತಿ ಇದೆ. ಓವರಿ ಕ್ಯಾನ್ಸರ್ ಅಂತ ಬರೆದುಬಿಡ್ತೀಯಾ?" ನಾನು ಹೂಂ ಅಂದೆ. ಗರ್ಭಕೋಶದ ಒಳಪದರ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್‌ನಲ್ಲಿ, ಹೊಟ್ಟೆಯ ಟಿಬಿಯಲ್ಲಿ, ಮುಟ್ಟಿನ ದಿನಗಳಲ್ಲೂ ಅದು ಏರುತ್ತದೆ ಅಂತ ಅವರು ಹೇಳಿದಾಗ ತಟ್ಟೆ ನೋಡುತ್ತಾ ಕೂತೆ. ಬಯಾಪ್ಸಿ ಮಾಡುವ ಕೆಲಸ ಮಾರ್ಕರ್ ಮಾಡಲ್ಲ. ಅದರ ನಿಜವಾದ ಉಪಯೋಗ ಚಿಕಿತ್ಸೆ ಕೊಟ್ಟ ಮೇಲೆ ಇಳಿಯಿತಾ, ಮತ್ತೆ ಏರಿತಾ ಅಂತ ನೋಡುವುದಕ್ಕೆ.

ಅದೇ ರಾತ್ರಿ ಟ್ರಾನ್ಸ್‌ಲೊಕೇಶನ್ ಕಾರ್ಡ್‌ಗಳಲ್ಲೂ ತಪ್ಪು ಸಿಕ್ಕಿತು. ಟ್ರಾನ್ಸ್‌ಲೊಕೇಶನ್ ಅಂದರೆ ಎರಡು ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗುವುದು; ಬರ್ಕಿಟ್, ಫಾಲಿಕ್ಯುಲರ್ ಎರಡೂ ಲಿಂಫೋಮಾ, ಅಂದರೆ ಬಿಳಿ ರಕ್ತಕಣದ ಕ್ಯಾನ್ಸರ್. ಬರ್ಕಿಟ್‌ದನ್ನು ಫಾಲಿಕ್ಯುಲರ್‌ಗೆ, ಫಾಲಿಕ್ಯುಲರ್‌ದನ್ನು ಬರ್ಕಿಟ್‌ಗೆ ಬರೆದಿದ್ದೆ. ಒಂದು ವಾರ ತಪ್ಪನ್ನೇ ಬಾಯಿಪಾಠ ಮಾಡಿದ್ದೇನೆ!

ವಾರ 3

ಹಳೆ ಕಾರ್ಡ್ ಎಲ್ಲ ಹೊರಗೆ. ಈಗ ಪ್ರತಿ ಕಾರ್ಡ್‌ನ ಹಿಂಬದಿಯ ಮೊದಲ ಸಾಲು "ಯಾಕೆ?" ಅಂತ. ಅದಕ್ಕೆ ಉತ್ತರ ಬರೆಯಲಾಗದಿದ್ದರೆ ಆ ಕಾರ್ಡ್ ಡಬ್ಬಕ್ಕೆ ಹೋಗುವಂತಿಲ್ಲ.

ಟ್ರಾನ್ಸ್‌ಲೊಕೇಶನ್ ಇದರಿಂದಲೇ ಬಗೆಹರಿಯಿತು. 14ನೇ ಕ್ರೋಮೋಸೋಮ್‌ನಲ್ಲಿ ಆಂಟಿಬಾಡಿಯ ಹೆವಿ ಚೈನ್ ಜೀನ್ ಇದೆ. ಆಂಟಿಬಾಡಿ ಮಾಡುವ ಬಿ ಸೆಲ್‌ನಲ್ಲಿ ಅದರ ಸ್ವಿಚ್ ಸದಾ ಆನ್. ಅದರ ಪಕ್ಕಕ್ಕೆ ಯಾರು ಬಂದು ಕೂತರೂ ಅವರಿಗೂ ಕರೆಂಟ್. 8ರಿಂದ ಸಿ-ಮಿಕ್ ಜೀನ್ ಬಂದರೆ ಸೆಲ್ ಹುಚ್ಚೆದ್ದು ಬೆಳೆಯುತ್ತದೆ: ಬರ್ಕಿಟ್. 11ರಿಂದ ಸೈಕ್ಲಿನ್ ಡಿ1 ಬಂದರೆ ಮ್ಯಾಂಟಲ್ ಸೆಲ್ ಲಿಂಫೋಮಾ. 18ರಿಂದ ಬಿಸಿಎಲ್-2 ಬಂದರೆ ಸೆಲ್ ಸಾಯುವುದನ್ನೇ ಮರೆಯುತ್ತದೆ. ಅದಕ್ಕೇ ಫಾಲಿಕ್ಯುಲರ್ ನಿಧಾನ. ಮೂರು ಕಾರ್ಡ್ ಹೋಗಿ ಒಂದಾಯಿತು.

9 ಮತ್ತು 22 ಮಾತ್ರ ಬೇರೆ ಕಥೆ. ಅಲ್ಲಿ ಎರಡು ಜೀನ್ ಅಂಟಿಕೊಂಡು ಹೊಸ ಪ್ರೋಟೀನೇ ಹುಟ್ಟುತ್ತದೆ, ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್‌ಗೆ ಅದೇ ಮೂಲ. ಹೀಗೆ ಚಿಕ್ಕದಾದ 22, ಅಂದರೆ ಫಿಲಡೆಲ್ಫಿಯಾ ಕ್ರೋಮೋಸೋಮ್, ಕಣ್ಣಿಗೆ ಬಿದ್ದದ್ದು 1960ರಲ್ಲಿ, ಅದು ಅದಲುಬದಲು ಅಂತ ವಿಜ್ಞಾನಿ ಜಾನೆಟ್ ರೌಲಿ ತೋರಿಸಿದ್ದು 1973ರಲ್ಲಿ, ಆ ಪ್ರೋಟೀನ್ ತಡೆಯುವ ಔಷಧಿ ಇಮಾಟಿನಿಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ಇಸವಿಗಳನ್ನು ಯಾರೂ ಕೇಳಲ್ಲ, ಗೊತ್ತು. ಆದರೂ ಬರೆದುಕೊಂಡೆ.

ವಾರ 4

ಎಮರ್ಜೆನ್ಸಿ ಕಾರ್ಡ್‌ಗಳ ವಾರ. ನನಗೆ ತುಂಬಾ ಇಷ್ಟವಾದದ್ದು ಇದು. ಮುಂದೆ: "ಬರ್ಕಿಟ್‌ಗೆ ಮೊದಲ ಕೀಮೋ ಆಗಿ ಎರಡು ದಿನ. ಮೂತ್ರ ಕಡಿಮೆ, ಕೈಕಾಲು ಸೆಳೆತ." ಹಿಂದೆ: ಟ್ಯೂಮರ್ ಲೈಸಿಸ್ ಸಿಂಡ್ರೋಮ್. ಕೋಟ್ಯಂತರ ಸೆಲ್ ಒಟ್ಟಿಗೇ ಒಡೆದಿವೆ. ಒಳಗಿದ್ದ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ಸುರಿದಿವೆ. ಡಿಎನ್‌ಎ ಕರಗಿ ಯೂರಿಕ್ ಆಸಿಡ್ ಆಗಿದೆ. ಫಾಸ್ಫೇಟ್ ಹೋಗಿ ಕ್ಯಾಲ್ಸಿಯಂ ಹಿಡಿದುಕೊಂಡಿದೆ, ಹಾಗಾಗಿ ಅದೊಂದು ಮಾತ್ರ ಕೆಳಗೆ. ಸೆಳೆತ ಅದರಿಂದ. ಮೂತ್ರ ಕಟ್ಟಿದ್ದು ಹರಳುಗಳಿಂದ. "ಮೂರು ಮೇಲೆ, ಒಂದು ಕೆಳಗೆ" ಅಂತ ಎರಡನೇ ವರ್ಷದಿಂದ ಹೇಳುತ್ತಿದ್ದೆ, ಯಾವುದು ಕೆಳಗೆ ಅಂತ ಪ್ರತಿ ಸಲ ಮರೆಯುತ್ತಿದ್ದೆ.

ಔಷಧಿಗೂ ಅದೇ. ಅಲೋಪ್ಯೂರಿನಾಲ್ ಹೊಸ ಯೂರಿಕ್ ಆಸಿಡ್ ಆಗದಂತೆ ತಡೆಯುತ್ತದೆ, ಆಗಿಹೋದದ್ದನ್ನು ಮುಟ್ಟಲ್ಲ. ರಾಸ್‌ಬುರಿಕೇಸ್ ಅದನ್ನೂ ಒಡೆಯುತ್ತದೆ, ಆದರೆ ಜಿ6ಪಿಡಿ (ಕೆಂಪು ರಕ್ತಕಣ ಕಾಯುವ ಕಿಣ್ವ) ಕೊರತೆ ಇದ್ದವರಿಗೆ ಕೊಡುವಂತಿಲ್ಲ. ಕೀಮೋಗೆ ಮುಂಚೆಯೇ ಐವಿ ಫ್ಲೂಯಿಡ್ ಚೆನ್ನಾಗಿ ಓಡಿಸುವುದು ಎಲ್ಲಕ್ಕಿಂತ ಮೊದಲು.

ಫೆಬ್ರೈಲ್ ನ್ಯೂಟ್ರೊಪೀನಿಯಾ ಕಾರ್ಡ್ ಚಿಕ್ಕದು. ನ್ಯೂಟ್ರೊಫಿಲ್ (ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ) ಒಂದು ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕಡಿಮೆ, ಜ್ವರ ಒಂದೇ ಸಲ 38.3 ಡಿಗ್ರಿ ಮುಟ್ಟಿದರೂ ಸಾಕು. ಒಂದು ಗಂಟೆಯೊಳಗೆ ಆಂಟಿಬಯೋಟಿಕ್. ಕೀವು ಹುಡುಕುತ್ತಾ ಕೂರಬೇಡ: ಕೀವು ಮಾಡುವ ಸೆಲ್ಲೇ ಇಲ್ವಲ್ಲ.

ವಾರ 5

ಸರ್ಜರಿ ಪೋಸ್ಟಿಂಗ್. ಕೆನ್ನೆಯೊಳಗೆ ಹುಣ್ಣು ಇದ್ದ ಒಬ್ಬರ ಬಾಯಿ ಎರಡು ಬೆರಳಿಗಿಂತ ಅಗಲ ತೆರೆಯುತ್ತಿರಲಿಲ್ಲ. ಒಳಗೆ ಬೆರಳಾಡಿಸಿದರೆ ಕೆನ್ನೆ ಮೆತ್ತಗಿಲ್ಲ, ಹಗ್ಗ ಎಳೆದು ಕಟ್ಟಿದ ಹಾಗೆ ಬಿಗಿ. ಸಬ್‌ಮ್ಯೂಕಸ್ ಫೈಬ್ರೋಸಿಸ್. "ಹೊಗೆಸೊಪ್ಪು ಮುಟ್ಟಿದವನಲ್ಲ ಮೇಡಂ, ಬರೀ ಅಡಿಕೆ" ಅಂದರು. ಅಡಿಕೆಯ ಅರೆಕೋಲಿನ್ ಕೆನ್ನೆಯೊಳಗೆ ಕೊಲಾಜನ್ ಕೂಡಿಹಾಕಿಸುತ್ತದೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೇ ಸೇರಿಸಿದೆ. ನಮ್ಮನೇಲಿ ಎರಡು ಎಕರೆ ಅಡಿಕೆ ತೋಟ ಇದೆ. ನನ್ನ ಫೀಸು ಬರುವುದು ಅದರಿಂದಲೇ. ಈ ಕಾರ್ಡ್ ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಇವತ್ತಿಗೆ 86 ಕಾರ್ಡ್. ಕೀಮೋ ಸೈಡ್ ಎಫೆಕ್ಟ್‌ನಲ್ಲಿ ಬ್ಲಿಯೋಮೈಸಿನ್ ಶ್ವಾಸಕೋಶವನ್ನೇ ಯಾಕೆ ಹಿಡಿಯುತ್ತದೆ ಅನ್ನುವುದು ಆಯಿತು (ಅದನ್ನು ಒಡೆಯುವ ಕಿಣ್ವ ಅಲ್ಲಿ ಕಡಿಮೆ, ಚರ್ಮದಲ್ಲೂ ಹಾಗೇ). ವಿನ್‌ಕ್ರಿಸ್ಟೀನ್ ಕಾರ್ಡ್‌ಗೆ ಕೆಂಪು ಅಂಚು ಹಾಕಿದ್ದೇನೆ: ಬೆನ್ನುಹುರಿಯ ದ್ರವಕ್ಕೆ ಹೋದರೆ ಜೀವಕ್ಕೇ ಅಪಾಯ, ರಕ್ತನಾಳಕ್ಕೆ ಮಾತ್ರ. ರೇಡಿಯೇಶನ್ ಇನ್ನೂ ಸೊನ್ನೆ. ಡಬ್ಬದ ಮುಚ್ಚಳ ಕೂರುತ್ತಿಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ರೂಮ್‌ಮೇಟ್ ಶನಿವಾರ ಊರಿಗೆ ಹೋಗುತ್ತಾಳೆ, ಒಂದು ಕೆಜಿ ಪೇಡಾ ಹೇಳಿದ್ದೇನೆ.