ನಾಲ್ಕು ಇಲಿ ಉಳಿಸಲು ಹೋಗಿ

ಬದಿಯಡ್ಕದ ಮನೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಪ್ರಯೋಗಾಲಯಕ್ಕೆ ಹೋಗಿ, ಭಾನುವಾರವನ್ನೂ ಬಿಡದೆ, ಏಳು ದಿನ ಇಲಿಗಳ ಹೊಟ್ಟೆಗೆ ಸಕ್ಕರೆಯ ಚುಚ್ಚುಮದ್ದು ಕೊಟ್ಟು ಬರುತ್ತಿದ್ದೆ. ಇಲಿಗೆ ಸಕ್ಕರೆ ಕೊಡುವುದಕ್ಕೂ ಸಂಬಳವಿದೆಯೇ ಎಂದು ಅಮ್ಮನಿಗೆ ಅಚ್ಚರಿ.

ಮಾರಾಟಕ್ಕೆ ಹೋಗುವ ಅಡಿಕೆ ಗೋಣಿಯ ಮೇಲೆ ಅಪ್ಪ ಬಣ್ಣದಲ್ಲಿ ಅಕ್ಷರ ಬರೆಯುವುದಿಲ್ಲವೇ, ಇದೂ ಹಾಗೆಯೇ ಎಂದು ಅವರಿಗೆ ಹೇಳಿದ್ದೆ. ಜೀವಕೋಶದ ಮೈತುಂಬ ಸಕ್ಕರೆಯ ಸರಪಳಿಗಳಿರುತ್ತವೆ. ಕ್ಯಾನ್ಸರ್ ಬಂದಾಗ ಅವುಗಳ ರೂಪ ಬದಲಾಗುತ್ತದೆ. ಅದನ್ನು ಕಾಣಲು ಸರಪಳಿಗೊಂದು ಗುರುತು ಬೇಕು. ಮ್ಯಾನೋಸಮೀನ್ ಎಂಬ ಸಕ್ಕರೆಗೆ ಮೂರು ಸಾರಜನಕ ಪರಮಾಣುಗಳ ಅಜೈಡ್ ಬಾಲ ಕಟ್ಟಿ ಕೊಟ್ಟರೆ, ಕೋಶ ಅದನ್ನು ತನ್ನದೇ ಸರಕೆಂದು ನಂಬಿ ಸಯಾಲಿಕ್ ಆಮ್ಲವೆಂಬ ಇನ್ನೊಂದು ಸಕ್ಕರೆಯಾಗಿಸಿ ಹೊರಮೈಯಲ್ಲಿ ತೂಗುಹಾಕುತ್ತದೆ. ಆ ಬಾಲಕ್ಕೆ ಮಾತ್ರ ಅಂಟುವ ಹೊಳೆಯುವ ಬಣ್ಣ ಹಾಕಿದರೆ ಗುರುತು ಸಿಕ್ಕಿತು. ಕ್ಯಾರೊಲಿನ್ ಬರ್ಟೋಝಿ ಅವರ ತಂಡ 2004ರಲ್ಲಿ ಬದುಕಿರುವ ಇಲಿಯಲ್ಲೇ ಇದನ್ನು ಸಾಧಿಸಿ ತೋರಿಸಿತು; 2022ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ನನ್ನ ತಪ್ಪು ಮೊದಲ ಚುಚ್ಚುಮದ್ದಿಗೂ ಮೊದಲೇ, ಪ್ರಾಣಿ ಪ್ರಯೋಗದ ನೈತಿಕ ಸಮಿತಿಗೆ ಅರ್ಜಿ ಬರೆಯುವಾಗಲೇ ಆಗಿತ್ತು. ಇಲಿಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದೆಂದು ಮೂರು ಗುಂಪುಗಳಲ್ಲಿ ಒಂದನ್ನು ಅರ್ಜಿಯಿಂದ ತೆಗೆದುಹಾಕಿದ್ದೆ: ಬಾಲವಿಲ್ಲದ ಬರಿಯ ಸಕ್ಕರೆ ಪಡೆಯಬೇಕಿದ್ದ ನಾಲ್ಕು ಇಲಿಗಳನ್ನು. ಹೋಲಿಕೆಗೆ ಉಪ್ಪುನೀರಿನ ಗುಂಪು ಇದೆಯಲ್ಲ, ಸಾಕು ಅನ್ನಿಸಿತ್ತು. ಸ್ವಲ್ಪ ಹೆಮ್ಮೆಯೂ ಆಗಿತ್ತು.

ಎಂಟನೆಯ ದಿನ ಗುಲ್ಮದ (ಸ್ಪ್ಲೀನ್) ಕೋಶಗಳನ್ನು, ಒಂದೊಂದು ಕೋಶದ ಹೊಳಪನ್ನೂ ಅಳೆಯುವ ಫ್ಲೋ ಸೈಟೋಮೀಟರ್ ಯಂತ್ರಕ್ಕೆ ಹಾಕಿದಾಗ ನಕ್ಷೆಯಲ್ಲಿ ಅಜೈಡ್ ಗುಂಪಿನ ಗುಡ್ಡ ಬಲಕ್ಕೆ, ಅಂದರೆ ಹೆಚ್ಚು ಹೊಳಪಿನ ಕಡೆಗೆ, ಚೆನ್ನಾಗಿ ಸರಿದಿತ್ತು. ಓಡಿಹೋಗಿ ಮಾರ್ಗದರ್ಶಕರನ್ನು ಕರೆತಂದೆ. ಅವರು ಪರದೆಯನ್ನು ನೋಡಿ ಕೇಳಿದ್ದು ಒಂದೇ: "ಇದರಲ್ಲಿ ಸತ್ತ ಕೋಶಗಳೆಷ್ಟು?"

ಸತ್ತ ಕೋಶ ಸಿಕ್ಕ ಬಣ್ಣವನ್ನೆಲ್ಲ ಹಿಡಿದುಕೊಳ್ಳುತ್ತದೆ. ಅವನ್ನು ಬೇರ್ಪಡಿಸುವ ಬಣ್ಣವನ್ನು ನಾನು ಹಾಕಿರಲಿಲ್ಲ. ಸಕ್ಕರೆಯನ್ನು ಕರಗಿಸಿದ್ದು ಡಿಎಂಎಸ್‌ಒ ದ್ರಾವಕದಲ್ಲಿ. ಉಪ್ಪುನೀರಿನ ಇಲಿಗಳಿಗೆ ಅದು ತಾಗಿಯೇ ಇಲ್ಲ. ಹೊಳೆದದ್ದು ಅಜೈಡಿನಿಂದಲೋ, ದ್ರಾವಕ ಕೋಶಗಳನ್ನು ಕೆಡಿಸಿದ್ದರಿಂದಲೋ? ಅದೇ ದ್ರಾವಕದಲ್ಲಿ ಬರಿಯ ಸಕ್ಕರೆ ಪಡೆದು ಉತ್ತರ ಹೇಳಬಹುದಾಗಿದ್ದ ನಾಲ್ಕು ಇಲಿಗಳನ್ನು ನಾನೇ ಅರ್ಜಿಯಿಂದ ತೆಗೆದಿದ್ದೆ.

ಹಳೆಯ ಎಂಟು ಇಲಿಗಳಿಗೆ ಹೊಸ ನಾಲ್ಕನ್ನು ಜೋಡಿಸುವಂತೆಯೂ ಇಲ್ಲ. ಒಂದೇ ವಾರ, ಒಂದೇ ಬಾಟಲಿಯ ಬಣ್ಣ, ಯಂತ್ರದ ಒಂದೇ ಹೊಂದಾಣಿಕೆ ಇರಬೇಕು. ಮತ್ತೆ 12 ಇಲಿಗಳು, ಒಟ್ಟು 20.

ಎರಡನೆಯ ಅರ್ಜಿಯಲ್ಲಿ ಹೆಚ್ಚುವರಿ ಪ್ರಾಣಿಗಳು ಏಕೆ ಬೇಕು ಎಂದು ಕೇಳುವ ಅಂಕಣವಿತ್ತು. ಮೊದಲ ಕರಡಿನಲ್ಲಿ ದ್ರಾವಕವನ್ನು ದೂರಿದೆ, ಎರಡನೆಯದರಲ್ಲಿ ಯಂತ್ರವನ್ನು. ಮೂರನೆಯದರಲ್ಲಿ ಒಂದೇ ಸಾಲು: "ಹೋಲಿಕೆಯ ಗುಂಪನ್ನು ಕಳೆದ ಬಾರಿ ನಾನು ಕೈಬಿಟ್ಟಿದ್ದೆ." ಸಮಿತಿ ಮರುಪ್ರಶ್ನೆ ಕೇಳಲಿಲ್ಲ.