ಕೊತ್ತಂಬರಿ ಮಾತ್ರ ಯಾಕೆ ಹುಟ್ಟಲ್ಲ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬಾಲ್ಕನಿಯಲ್ಲೋ ತಾರಸಿಯಲ್ಲೋ ನಾಲ್ಕು ಕುಂಡ ಇಟ್ಟವರು ಒಂದಲ್ಲ ಒಂದು ದಿನ ಕೇಳುತ್ತಾರೆ: “ಮೆಂತ್ಯ ಎರಚಿದರೆ ಸಾಕು ಬರುತ್ತೆ, ಪುದೀನ ಕಡ್ಡಿ ಚುಚ್ಚಿದರೆ ಚಿಗುರುತ್ತೆ. ಕೊತ್ತಂಬರಿ ಎಷ್ಟು ಸಲ ಹಾಕಿದರೂ ಹುಟ್ಟಲ್ಲ, ಯಾಕೆ?” ಹೆಚ್ಚಿನ ಸಲ ತೊಂದರೆ ಬೀಜದ್ದು, ಇಲ್ಲವೇ ಬಿಸಿಲಿನದು. ಜನ ಮಾತ್ರ ಮೊದಲು ಗೊಬ್ಬರದ ಅಂಗಡಿಗೆ ಓಡುತ್ತಾರೆ.

ಅಡುಗೆಮನೆಯ ಧನಿಯಾ ಬಿತ್ತಬಹುದು. ಆದರೆ ಅದು ಹುರಿದದ್ದಾಗಿರಬಾರದು, ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತದ್ದೂ ಆಗಿರಬಾರದು. ಅನುಮಾನ ಇದ್ದರೆ 20 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಣಗಲು ಬಿಡದೆ ಹತ್ತು ಹನ್ನೆರಡು ದಿನ ನೋಡಿ. ಅರ್ಧಕ್ಕಿಂತ ಕಡಿಮೆ ಮೊಳೆತರೆ ಆ ಡಬ್ಬಿ ಸಾರಿನ ಪುಡಿಗೇ ಇರಲಿ. ಬಿತ್ತನೆ ಬೀಜವನ್ನೇ ಕೊಳ್ಳುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಇಶಾ’ ಸಿಗುತ್ತದಾ ನೋಡಿ. ಒಂದೇ ಬಿತ್ತನೆಯಲ್ಲಿ ಹಲವು ಸಲ ಕೊಯ್ಯಲು ಬರುವ ತಳಿ ಅದು.

ಧನಿಯಾದ ಒಂದೊಂದು ಕಾಳಿನಲ್ಲೂ ಎರಡು ಬೀಜ ಇರುತ್ತವೆ. ಮೇಲಿನ ಸಿಪ್ಪೆ ಗಟ್ಟಿ, ನೀರು ಬೇಗ ಒಳಗಿಳಿಯುವುದಿಲ್ಲ. ಹಾಗಾಗಿ ಕಾಳನ್ನು ನೆಲದ ಮೇಲೆ ಹರಡಿ, ಲಟ್ಟಣಿಗೆಯನ್ನು ಹಗುರವಾಗಿ ಒತ್ತಿ ಉರುಳಿಸಿ. ‘ಟಕ್’ ಎಂದು ಎರಡು ಹೋಳಾದರೆ ಸಾಕು. ಹೋಳಿನ ಒಳಮೈ ಬಟ್ಟಲಿನಂತೆ ತಗ್ಗಾಗಿರುತ್ತದೆ. ಪುಡಿಯಾದದ್ದು ಮೊಳೆಯುವುದಿಲ್ಲ, ಊದಿ ತೆಗೆಯಿರಿ. ಹೋಳುಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಬಿತ್ತಿ. ಎರಡು ಮೂರು ದಿನ ನೀರಿನಲ್ಲೇ ಬಿಟ್ಟರೆ ಕೊಳೆತು ವಾಸನೆ ಬರುತ್ತದೆ.

ಕೊತ್ತಂಬರಿಗೆ ತಾಯಿಬೇರು ನೇರ ಕೆಳಗಿಳಿಯುತ್ತದೆ. ಕಿತ್ತು ನೆಟ್ಟರೆ ಸೊರಗುತ್ತದೆ. ಆದ್ದರಿಂದ ಸಸಿ ಟ್ರೇ ಬೇಡ, ಬೆಳೆಯಬೇಕಾದ ಕುಂಡದಲ್ಲೇ ಬಿತ್ತಿ. ಕುಂಡದ ಬಾಯಿ ಅಗಲವಾಗಿದ್ದಷ್ಟೂ ಒಳ್ಳೆಯದು, ಆಳ 6ರಿಂದ 8 ಇಂಚು ಬೇಕು, ತಳದಲ್ಲಿ ತೂತು ಇರಲೇಬೇಕು. ಕೆಂಪುಮಣ್ಣು, ಎರೆಗೊಬ್ಬರ, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು, ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಬರೀ ಕೆಂಪುಮಣ್ಣು ತುಂಬಿದರೆ ನಾಲ್ಕು ಸಲ ನೀರು ಬಿದ್ದ ಮೇಲೆ ಮೇಲ್ಪದರ ಹೆಪ್ಪುಗಟ್ಟುತ್ತದೆ. ಮೊಳಕೆ ಒಳಗೇ ಬಾಗಿ ಸಾಯುತ್ತದೆ. ನಮಗೆ ಮಾತ್ರ ಬೀಜವೇ ಹುಟ್ಟಲಿಲ್ಲ ಎನಿಸುತ್ತದೆ.

ಒಂದು ಅಡಿ ಉದ್ದಗಲದ ಜಾಗಕ್ಕೆ ಒಂದು ಟೀ ಚಮಚ ಧನಿಯಾ ಸಾಕು. ನಾಲ್ಕು ಬೆರಳಿಗೊಂದು ಸಾಲು ಗೀರಿ, ಬೀಜ ಉದುರಿಸಿ, ಮೇಲೆ ಒಂದು ಸೆಂಟಿಮೀಟರ್ ಎರೆಗೊಬ್ಬರ ಉದುರಿಸಿ. ಪೈಪ್ ಹಿಡಿದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಹಳೇ ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಹಾಕಿ ಚಿಮುಕಿಸಿ. ಮೊಳಕೆ ಕಾಣಲು ಎಂಟರಿಂದ ಹದಿನೈದು ದಿನ ಹಿಡಿಯುತ್ತದೆ. ಆರನೇ ದಿನಕ್ಕೇ ಬೆರಳು ಹಾಕಿ ಕೆದಕಿ ನೋಡುವವರೇ ಜಾಸ್ತಿ!

ಹುಟ್ಟಿದ ಸಸಿ ಬುಡದಲ್ಲಿ ನೀರುನೀರಾಗಿ, ದಾರದಂತೆ ಸಣಕಲಾಗಿ ಉರುಳಿದರೆ ಅದು ಬುಡ ಕೊಳೆಯುವ ಶಿಲೀಂಧ್ರ ರೋಗ. ಒತ್ತಾಗಿ ಬಿತ್ತಿ, ಸಂಜೆ ಹೊತ್ತು ನೀರು ನಿಲ್ಲುವಷ್ಟು ಹುಯ್ದಾಗ ಬರುತ್ತದೆ. ನೀರು ಬೆಳಿಗ್ಗೆ ಕೊಡಿ, ಅದೂ ಮಣ್ಣಿನ ಮೇಲ್ಭಾಗ ಒಣಗಿದಂತೆ ಕಂಡರೆ ಮಾತ್ರ.

ಇನ್ನು ಬಿಸಿಲು. ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿಯ ನಾಲ್ಕು ಗಂಟೆ ಎಳೆಬಿಸಿಲು ಕೊತ್ತಂಬರಿಗೆ ಧಾರಾಳ. ಬೆಂಗಳೂರು, ಮೈಸೂರಿನಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬಿತ್ತಿದ್ದು ಸಲೀಸಾಗಿ ಬರುತ್ತದೆ. ಮಾರ್ಚ್ ಬಂತೆಂದರೆ ಸಿಮೆಂಟು ನೆಲದ ಮೇಲಿನ ಕುಂಡ ಕಾದು ಹೆಂಚಾಗುತ್ತದೆ. ಇಟ್ಟಿಗೆ ಮೇಲೆ ಎತ್ತಿಡಿ, ಮಧ್ಯಾಹ್ನಕ್ಕೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟಿನ ನೆರಳುಪರದೆ ಕಟ್ಟಿ. ಕಲಬುರಗಿ, ರಾಯಚೂರಿನವರು ಏಪ್ರಿಲ್‌-ಮೇನಲ್ಲಿ ಈ ಉಸಾಬರಿಯನ್ನೇ ಬಿಡುವುದು ಲೇಸು.

ಬಿತ್ತಿದ 35–45 ದಿನಕ್ಕೆ ಕೊಯ್ಲು. ಬೇರುಸಹಿತ ಕೀಳದೆ, ನಡುವಿನ ಸುಳಿ ಉಳಿಸಿ ಹೊರಗಿನ ದಂಟು ಕತ್ತರಿಸಿಕೊಂಡರೆ ಮತ್ತೆರಡು ಸಲ ಸಿಗುತ್ತದೆ. ಒಮ್ಮೆ ಕತ್ತರಿಸಿದ ಮೇಲೆ ಎಲೆ ತಿಳಿಹಳದಿಯಾದರೆ 50 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕಿ. ವಾಸನೆ ವಿಪರೀತ, ಪಕ್ಕದ ಮನೆಯವರ ಕಿಟಕಿ ನೋಡಿಕೊಂಡು ಮಾಡಿ. ಸೊಪ್ಪು ತಪ್ಪದೆ ಬೇಕಿದ್ದರೆ ಎರಡು ವಾರಕ್ಕೊಂದು ಕುಂಡ ಬಿತ್ತುತ್ತಿರಬೇಕು.

ಎಲೆ ಸಬ್ಬಸಿಗೆಯಂತೆ ಎಳೆಎಳೆಯಾಗತೊಡಗಿದರೆ ಗಿಡ ಹೂವಿಗೆ ಬಂದಿದೆ ಎಂದರ್ಥ, ತುದಿ ಚಿವುಟಿದರೂ ಹೆಚ್ಚು ದಿನ ತಡೆಯಲಾಗದು. ಹಸಿಕಾಳು ಚಟ್ನಿಗೆ ಚೆನ್ನ. ಮುಂದಿನ ಬಿತ್ತನೆಗೆ ಬೀಜ ಕಟ್ಟಿಡುವುದಾದರೆ ಎಲ್ಲಕ್ಕಿಂತ ಮೊದಲು ಹೂ ಬಿಟ್ಟ ಗಿಡದಿಂದ ತೆಗೆಯಬೇಡಿ, ಅದರ ಮರಿಗಳೂ ಬೇಗನೆ ಹೂವಿಗೆ ಬರುತ್ತವೆ. ಕೊನೆಯವರೆಗೆ ಸೊಪ್ಪು ಕೊಟ್ಟ ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿ, ಅದರ ಕಾಳು ಕಂದುಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದು ನೆರಳಿನಲ್ಲಿ ಒಣಗಿಸಿ.