ಲೇನ್ ಅಸಿಸ್ಟ್ ಆಫ್, ಬ್ರೇಕ್ ಆನ್

ಕಾರು ಹತ್ತಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಲೇನ್ ಕೀಪ್ ಅಸಿಸ್ಟ್ ಆಫ್ ಮಾಡುವುದು. ಡಿಕ್ಕಿಯಾಗುವ ಹಾಗಿದ್ದರೆ ತಾನೇ ಬೀಳುವ ಆಟೊಮ್ಯಾಟಿಕ್ ಎಮರ್ಜೆನ್ಸಿ ಬ್ರೇಕನ್ನು ಮಾತ್ರ ಮುಟ್ಟುವುದಿಲ್ಲ. ಕಾಪುವಿನಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿಬರುವವಳ ಲೆಕ್ಕ ಇದು.

ಲೇನ್ ಕೀಪ್ ಅಂದರೆ, ಎದುರಿನ ಗಾಜಿನ ಹಿಂದಿರುವ ಕ್ಯಾಮೆರಾ ರಸ್ತೆಯ ಬಿಳಿ ಗೆರೆ ನೋಡಿಕೊಂಡು ಸ್ಟೀರಿಂಗನ್ನು ಮೆಲ್ಲ ತಿರುಗಿಸುವುದು. ಜುಲೈಯಲ್ಲಿ ಎನ್‌ಎಚ್ 66ರಲ್ಲಿ ಗೆರೆ ಎಲ್ಲಿ ಕಾಣ್ತದೆ ಮಾರಾಯ್ರೆ? ಕಂಡರೆ ಇನ್ನೂ ಕಷ್ಟ. ಹೊಂಡ ತಪ್ಪಿಸಲು ನಾನು ಬಲಕ್ಕೆ ಎಳೆಯುತ್ತೇನೆ. ಇಂಡಿಕೇಟರ್ ಹಾಕಿಲ್ಲ ಅಲ್ವಾ, ಅದು ಎಡಕ್ಕೆ ಎಳೆಯುತ್ತದೆ. ಸೀದಾ ಹೊಂಡಕ್ಕೆ! ಮುಂದಿನ ಗಾಡಿ ನೋಡಿ ವೇಗ ತಾನೇ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಕೂಡ ಅಷ್ಟೇ. ಮುಂದಿನ ಗಾಡಿಗೂ ನನಗೂ ಅದು ಬಿಡುವ ಅಂತರ, ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನವರ ಕಣ್ಣಿಗೆ ಖಾಲಿ ಜಾಗ.

ಆದರೆ ಆ ಬ್ರೇಕ್ ಉಂಟಲ್ಲ, ಅದು ಬೇರೆಯೇ. ಪಡುಬಿದ್ರಿಯ ಹತ್ತಿರ ಒಮ್ಮೆ ಮೀನಿನ ಲಾರಿಯ ನೀರು ರಸ್ತೆಯುದ್ದಕ್ಕೂ ಸುರಿದಿತ್ತು. ಮುಂದಿದ್ದ ಸ್ಕೂಟರಿನ ಹುಡುಗ ಜಾರಿದ. ಬೀಪ್ ಕೇಳಿತು, ಕೆಂಪು ದೀಪ ಹತ್ತಿತು, ಸೀಟ್ ಬೆಲ್ಟ್ ಎದೆಗೆ ಬಿಗಿಯಿತು. ನನ್ನ ಕಾಲು ಪೆಡಲಿಗೆ ತಾಗುವ ಮೊದಲೇ ಕಾರು ಬ್ರೇಕ್ ಹಾಕಿಯಾಗಿತ್ತು. ಹುಡುಗ ಎದ್ದು ಪ್ಯಾಂಟ್ ಮೂಸಿ ನೋಡಿಕೊಂಡ.

ಇದನ್ನು ಹೇಳಿದರೆ ಭಾವನಿಗೆ ನಗು. "ಎಂತ ಮಾರಾಯ್ತಿ, ಅಮೆರಿಕದಲ್ಲಿ ಡ್ರೈವರೇ ಇಲ್ಲದೆ ಟ್ಯಾಕ್ಸಿ ಓಡ್ತದೆ. ನಿನ್ನದು ಬ್ರೇಕ್ ಹಾಕಿದ್ದೇ ದೊಡ್ಡ ಸುದ್ದಿಯಾ?"

ಓಡುತ್ತದೆ, ಸುಳ್ಳಲ್ಲ. ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ವೇಮೊ ಕಂಪನಿ 2020ರಿಂದಲೇ ಜನರನ್ನು ಹಾಗೆ ಕರೆದೊಯ್ಯುತ್ತಿದೆ. ಮೊದಲೇ ಇಂಚಿಂಚು ಮ್ಯಾಪ್ ಮಾಡಿಟ್ಟ ಜಾಗದೊಳಗೆ. ಆದರೆ ಅದೇ ಅರಿಜೋನಾದ ಟೆಂಪಿಯಲ್ಲಿ 2018ರ ಮಾರ್ಚ್‌ನಲ್ಲಿ ಊಬರ್ ಪರೀಕ್ಷೆಗೆ ಓಡಿಸುತ್ತಿದ್ದ ಸೆಲ್ಫ್ ಡ್ರೈವಿಂಗ್ ಕಾರೊಂದು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಹೊಡೆಯಿತು. ಅವರು ತೀರಿಕೊಂಡರು. ಕ್ರಾಸಿಂಗ್ ಇಲ್ಲದ ಕಡೆ ಜನ ದಾಟಬಹುದು ಎಂಬ ಯೋಚನೆಯೇ ಆ ಸಾಫ್ಟ್‌ವೇರ್‌ಗೆ ಇರಲಿಲ್ಲವಂತೆ. (ಪಡುಬಿದ್ರಿ ಪೇಟೆಗೆ ಬಂದರೆ ಅದರ ಗತಿ ಏನು!) ನನಗೆ ತುಂಬಾ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಅದು ವೋಲ್ವೊ ಕಾರು, ವೋಲ್ವೊದವರದೇ ಎಮರ್ಜೆನ್ಸಿ ಬ್ರೇಕ್ ಇತ್ತು. ಸೆಲ್ಫ್ ಡ್ರೈವಿಂಗ್ ಶುರುವಾದರೆ ಅದು ಕೆಲಸ ಮಾಡದ ಹಾಗೆ ಊಬರ್‌ನವರು ಇಟ್ಟಿದ್ದರು. ದೊಡ್ಡದರ ಆಸೆಗೆ ಚಿಕ್ಕದನ್ನು ಬಂದ್ ಮಾಡಿದ್ದು. ಒಳಗೆ ಕೂತು ನೋಡಿಕೊಳ್ಳಬೇಕಾದವರು ಫೋನ್ ನೋಡುತ್ತಿದ್ದರು.

ನಮ್ಮಲ್ಲಿ ಮಾರುವ ಎಡಾಸ್ (ಡ್ರೈವರಿಗೆ ನೆರವಾಗುವ ಇಂಥ ವ್ಯವಸ್ಥೆ ಇರುವ) ಕಾರುಗಳು ಹೆಚ್ಚಾಗಿ ಲೆವೆಲ್ 2, ಸ್ಟೀರಿಂಗ್, ವೇಗ, ಬ್ರೇಕಿಗೆ ನೆರವು ಮಾತ್ರ. ಅಂದರೆ ಏನಾದರೂ ಆದರೆ ಹೊಣೆ ಡ್ರೈವರಿನದ್ದೇ. ಕಾರೇ ಓಡಿಸ್ತದೆ ಅಂತ ಕಾಲು ಚಾಚಿ ಕೂತವರದ್ದೇ ನನಗೆ ಜಾಸ್ತಿ ಹೆದರಿಕೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ಬೈಕ್, ಸ್ಕೂಟರಿನವರು. ಈ ಬ್ರೇಕ್ ಎಕ್ಸ್‌ಪ್ರೆಸ್ ಬಸ್ಸಿಗೆ, ಲಾರಿಗೆ ಬರಬೇಕು. ಕಾರುಗಳಲ್ಲೂ ಹೆಚ್ಚಿನವರು ಟಾಪ್ ವೇರಿಯಂಟಿಗೆ ಮಾತ್ರ ಕೊಡುವುದು ಎಂಥ ನ್ಯಾಯ?

ಕಾರು ನೋಡಲು ಹೋಗುವವರಿಗೆ ಒಂದು ಮಾತು. ಟೆಸ್ಟ್ ಡ್ರೈವ್ ಖಾಲಿ ರಸ್ತೆಯಲ್ಲಿ ಬೇಡ, ಸಂಜೆ ಆರಕ್ಕೆ ಮಂಗಳೂರಿನ ನಂತೂರು ಜಂಕ್ಷನ್ನಿಗೆ ಕೇಳಿ. ಮಳೆಯಿದ್ದರೆ ಒಳ್ಳೆಯದೇ, ಜೋರು ಮಳೆಗೆ ಕ್ಯಾಮೆರಾ ಕುರುಡಾಗಿ ಎಲ್ಲವೂ ಆಫ್ ಆಗುವುದನ್ನೂ ನೋಡಬಹುದು. ಲೇನ್ ಕೀಪ್ ಒಮ್ಮೆ ಆಫ್ ಮಾಡಿದರೆ ಹಾಗೇ ಉಳಿಯುತ್ತದಾ ಅಂತಲೂ ವಿಚಾರಿಸಿ. ನನ್ನದು ಪ್ರತಿ ಸಲ ಸ್ಟಾರ್ಟ್ ಮಾಡುವಾಗ ಮತ್ತೆ ಆನ್ ಆಗುತ್ತದೆ.